ಸೊಂಟದಿಂದ ಇಳಿಸದ ಕೂಸು

ಫೆಬ್ರವರಿ 10, ಮಂಗಳವಾರ

ಮತ್ತೆ ಪಾರ್ಕು. ತಮ್ಮನ ಹೆಂಡತಿಗೆ ಚಪ್ಪಲಿ ಅಂಗಡಿಯಿಂದ ವಾರಕ್ಕೊಂದೇ ರಜ. ಹಾಗಾಗಿ ಮಂಗಳವಾರ ಬಂದರೆ ಮನೆಮಂದಿಯೆಲ್ಲ ಹೊರಡಲೇಬೇಕು. ಅರ್ಧ ಹೊಲಿದ ಶರಟು ಮೆಷಿನ್ ಮೇಲೇ ಬಿಟ್ಟು ಹೋದೆ.

ಬೆಂಚಿನ ಮೇಲೆ ಕೂತು ಮಗಳ ಬಾಯಲ್ಲಿ ಬೆರಳಿಟ್ಟವಳು ಕಿರುಚಿದಳು — "ರೀ, ಹಲ್ಲು! ಹಲ್ಲು ಬಂದಿದೆ!" ತಮ್ಮ ಕುಣಿದಾಡಿದ. ನಾನೂ "ಅಯ್ಯೋ, ಹೌದಾ!" ಎಂದೆ. ಹೋದ ವಾರವೇ ಚಮಚಕ್ಕೆ ಟಕ್ ಅಂದಿತ್ತು ಅದು. ನನ್ನ ಕೈಯಲ್ಲಿದ್ದ ಚಮಚ.

ತಮ್ಮನ ಕಟ್ಟಪ್ಪಣೆ: "ಅಕ್ಕಾ, ಕೂಸು ಏನೇ ಹೊಸದು ಮಾಡಿದ್ರೂ ನೀನು ಬಾಯ್ಬಿಡ್ಬೇಡ. ಹೆತ್ತೋಳು, ಅವಳೇ ಮೊದ್ಲು ನೋಡಿದ ಹಾಗಿರ್ಲಿ." ಆಯಿತಪ್ಪ. ಹೆತ್ತವಳು ಅವಳೇ. ದಿನವಿಡೀ ಹೊತ್ತು ತಿರುಗುವವಳು ಯಾರು? ಗುಂಡಿ ಅಂತ ಹೆಸರಿಟ್ಟವಳು ಯಾರು? ಶರಟಿನ ಗುಂಡಿಯಷ್ಟು ಪುಟ್ಟ ಬಾಯಿ ಅಂತ ನಾನೇ ಇಟ್ಟದ್ದು.

ಜುಲೈ 2, ಮಧ್ಯಾಹ್ನ

ನಡೆದಳು! ಮೆಷಿನ್ ಕಾಲು ಹಿಡಿದು ನಿಂತಿದ್ದವಳು ಕೈ ಬಿಟ್ಟು, ತೂರಾಡುತ್ತ, ಸೀದಾ ನನ್ನ ಮಡಿಲಿಗೆ. ಕಣ್ಣಲ್ಲಿ ನೀರು ಬಂತು.

ಇದನ್ನೂ ಅವಳಿಗೆ ಕೊಡಬೇಕಾ? ಹಲ್ಲು ಕೊಟ್ಟೆ. ಚಪ್ಪಾಳೆ ಕೊಟ್ಟೆ. ಟಾಟಾ ಕೊಟ್ಟೆ. ಇದು ಮಾತ್ರ ಇಲ್ಲ.

ಸಂಜೆ

ಗೇಟ್ ಸದ್ದಾದದ್ದೇ ಗುಂಡಿಯನ್ನು ಸೊಂಟಕ್ಕೇರಿಸಿಕೊಂಡೆ. "ಕೈ ನೋಯಲ್ವಾ ಅಕ್ಕಾ?" ಅಂದಳು. ಇಲ್ಲ ಅಂದೆ. ಬೆಳಿಗ್ಗೆ ಅವಳು ಹೊರಡುವಾಗ ಕೂಸಿಗಿನ್ನೂ ನಿದ್ದೆ. ಸಂಜೆಯೊಂದನ್ನು ಸಂಭಾಳಿಸಿದರೆ ಸಾಕು.

ಜುಲೈ 14, ಮಂಗಳವಾರ

ಕೆರೆ ದಂಡೆಗೆ ಹೋಗಿದ್ದೆವು. ಗುಂಡಿಯನ್ನು ನಾನು ಕೆಳಗಿಳಿಸಲೇ ಇಲ್ಲ. ಹುಲ್ಲಲ್ಲಿ ಇರುವೆ, ನೆಲ ಒದ್ದೆ... ನೂರೆಂಟು ನೆಪ. "ಅಕ್ಕ ಇವಳನ್ನ ನೆಲ ಮುಟ್ಟೋಕೇ ಬಿಡಲ್ಲ" ಅಂತ ತಮ್ಮ ನಕ್ಕ. ಅವಳು ನಗಲಿಲ್ಲ. ಅಂಗಡಿಯ ಕ್ಯಾಷಿಯರ್ ಮಗ ಹತ್ತು ತಿಂಗಳಿಗೇ ಓಡಾಡುತ್ತಿದ್ದನಂತೆ. ಪುಟ್ಟ ಕೆಂಪು ಶೂ ತಂದಿದ್ದಾಳೆ. ಕಾಲಿಗೆ ಹಾಕಿ ನೋಡುತ್ತಾಳೆ, ತೆಗೆದಿಡುತ್ತಾಳೆ. ಪಾಪ ಅನಿಸಿತು. ಹೊಟ್ಟೆಯೂ ಉರಿಯಿತು — ಶೂ ತರಬೇಕೆಂದು ನನಗೆ ಹೊಳೆಯಲೇ ಇಲ್ಲವಲ್ಲ.

ಜುಲೈ 21, ಮಂಗಳವಾರ

ಇವತ್ತು ಪಾರ್ಕೂ ಇಲ್ಲ, ಕೆರೆಯೂ ಇಲ್ಲ. ಡಾಕ್ಟರ ಹತ್ತಿರ. ಕಾಲು, ಸೊಂಟ ಒತ್ತಿ ನೋಡಿ, "ಏನೂ ತೊಂದ್ರೆ ಕಾಣಲ್ಲ. ಎಲ್ಲಿ, ಕೆಳಗೆ ಬಿಡಿ" ಅಂದರು. ಅವಳು ಮಂಡಿಯೂರಿ ಕರೆದಳು. ಗುಂಡಿ ಅಮ್ಮನ ಮುಖ ನೋಡಿದ್ದೇ ತಡ, ಧೊಪ್ಪನೆ ಕೂತು ಎರಡೂ ಕೈ ನನ್ನತ್ತ ಚಾಚಿದಳು.

ದಿನಾ ಸಂಜೆ ನಾನೇ ಕಲಿಸಿದ ಪಾಠ. ಅಮ್ಮ ಬಂದರೆ ಕೂರಬೇಕು, ಅತ್ತೆ ಎತ್ತಿಕೊಳ್ಳುತ್ತಾಳೆ.

ದಾರಿಯುದ್ದಕ್ಕೂ ತಮ್ಮನ ಹೆಂಡತಿ ಅತ್ತಳು. "ನಾನು ಮನೇಲಿಲ್ದೇ ಹೀಗಾಯ್ತು ಅಕ್ಕಾ. ಈ ತಿಂಗಳಿಗೆ ಕೆಲ್ಸ ಬಿಡ್ತೀನಿ. ಇನ್ಮೇಲೆ ನಾನೇ ನೋಡ್ಕೋತೀನಿ."

ನಾನೇ ಅಂತೆ. ಹಾಗಾದರೆ ಇನ್ನು ಹಗಲೂ ಗುಂಡಿ ನನಗಿಲ್ಲ.

ಜುಲೈ 22

ಹಗಲೆಲ್ಲ ಉಲ್ಟಾ ಪಾಠ. ಅವಳ ಫೋಟೋ ಹಿಡಿದು, "ನಡಿ, ಅಮ್ಮನ ಹತ್ರ ನಡಿ." ಫೋಟೋ ಕಂಡರೂ ಕೂರುತ್ತಾಳೆ, ಕೈ ಎತ್ತುತ್ತಾಳೆ. ಬೇಕಿತ್ತಾ ನನಗೆ?

ಜುಲೈ 24, ಸಂಜೆ

ಬೇಗ ಬಂದುಬಿಟ್ಟಳು. ಗೇಟ್ ತೆರೆದೇ ಇತ್ತು, ಸದ್ದಾಗಲಿಲ್ಲ. ಗುಂಡಿ ನನ್ನ ಅಳತೆ ಟೇಪು ಎಳೆದುಕೊಂಡು ಮೆಷಿನ್ ಸುತ್ತ ಓಡುತ್ತಿದ್ದಳು, ಹಿಂದೆ ನಾನು, ಇಬ್ಬರಿಗೂ ನಗು. ತಿರುಗಿದರೆ ಬಾಗಿಲಲ್ಲಿ ಅವಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಅಮ್ಮನನ್ನು ಕಂಡು ಗುಂಡಿ ಕೂತಳು. ನನ್ನತ್ತ ಕೈ ಚಾಚಿದಳು. ಎತ್ತಿಕೊಳ್ಳಲಿಲ್ಲ. "ಅಮ್ಮನ ಹತ್ರ ಹೋಗು ಕಂದಾ" ಅಂದೆ. ಎದ್ದಳು. ನೆಟ್ಟಗೆ ನಡೆದು ಬಂದು ನನ್ನ ಕಾಲು ತಬ್ಬಿಕೊಂಡಳು.

"ಎಷ್ಟು ದಿನದಿಂದ, ಅಕ್ಕಾ?"

ಹೇಳಿದೆ. ಬೈಯಲಿಲ್ಲ ಅವಳು. ಕೂಸನ್ನು ನನ್ನ ಕಾಲಿನಿಂದ ಬಿಡಿಸಿ, ಎತ್ತಿಕೊಂಡು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಗುಂಡಿ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಾಳೆ. ಹೋಗಬೇಕು. ಕೈಕಾಲು ಹಿಡಿದಾದರೂ ಕ್ಷಮೆ ಕೇಳಬೇಕು.

ಆದರೆ ಬಂದದ್ದು ನನ್ನ ಹತ್ತಿರ. ಹೆತ್ತವಳು ನೋಡುತ್ತಿದ್ದ ಹಾಗೇ, ನನ್ನ ಹತ್ತಿರ... ಥೂ, ಈಗಲೂ ಖುಷಿಯಾಗು—