ತಪ್ಪು ಎಣ್ಣೆ ನನ್ನದು, ನೋಟೀಸು ಜಿಲಾನಸಾಬನಿಗೆ

ಮಾನ್ಯ ಸಾರಿಗೆ ಅಧಿಕಾರಿಗಳೇ,

ಗಂಗಾವತಿಯ ಟ್ಯಾಕ್ಸಿ ಚಾಲಕ ಜಿಲಾನಸಾಬನಿಗೆ ತಾವು ಕಳಿಸಿದ ನೋಟೀಸನ್ನು ಮೂರು ಸಲ ಓದಿದೆ. ಅಜಾಗರೂಕತೆಯಿಂದ ಕಾರು ಓಡಿಸಿ ರಸ್ತೆ ಬದಿಯ ಭತ್ತದ ರಾಶಿಗೆ ನುಗ್ಗಿಸಿದ್ದೀರಿ, ನಿಮ್ಮ ಲೈಸೆನ್ಸನ್ನು ಏಕೆ ರದ್ದುಪಡಿಸಬಾರದು ಎಂದು ಕೇಳಿದ್ದೀರಿ. ಬರುವ ಸೋಮವಾರ ಅವನು ತಮ್ಮೆದುರು ನಿಂತು ಉತ್ತರ ಕೊಡಬೇಕು. ಏನು ಉತ್ತರ ಕೊಡುತ್ತಾನೆಂದು ನನಗೆ ಗೊತ್ತು. ಅದು ಸುಳ್ಳು. ಆದ್ದರಿಂದ ಅವನಿಗಿಂತ ಮೊದಲು ನಾನು ಬಾಯಿ ಬಿಡುತ್ತಿದ್ದೇನೆ, ಅದೂ ನಾಲ್ಕು ಜನ ಓದುವಂತೆ.

ನಾನು ಗಂಗಾವತಿಯಲ್ಲಿ ಇಪ್ಪತ್ತಾರು ವರ್ಷದಿಂದ ಎಂಜಿನ್ ಆಯಿಲ್ ಮಾರುವವನು. ಕುಷ್ಟಗಿಯ ಹೆದ್ದಾರಿಯಲ್ಲಿ ಲಾರಿ ಕ್ಲೀನರನಾಗಿ ಶುರುವಾದ ಬದುಕು. ಎಣ್ಣೆಯ ವಿದ್ಯೆಯನ್ನು ಪುಸ್ತಕದಿಂದಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ಕಲಿತೆ. ಬೆರಳಿಗೆ ಅಂಟಿದರೆ ಛಲೋ ಎಣ್ಣೆ, ಜಾರಿದರೆ ನೀರು. ನಮ್ಮ ಬಿಸಿಲಿಗೆ ದಪ್ಪ ಎಣ್ಣೆಯೇ ಸೈ ಎಂದು ಇಡೀ ತಾಲ್ಲೂಕಿಗೆ ಪಾಠ ಹೇಳಿದವನು ನಾನೇ. ಹಳೆಯ ಎಣ್ಣೆ ಇಳಿಸುವ ಮುನ್ನ ಅರ್ಧ ಲೀಟರ್ ಡೀಸೆಲ್ ಸುರಿದು, ಹತ್ತು ನಿಮಿಷ ಎಂಜಿನ್ ಓಡಿಸಿ ಒಳಗೆಲ್ಲ ತೊಳೆದುಬಿಡುವುದು ನಮ್ಮ ಪದ್ಧತಿ. ಭತ್ತ ಕೊಯ್ಯುವ ಯಂತ್ರ, ಟ್ರ್ಯಾಕ್ಟರು, ಮಿಲ್ಲಿನ ಲಾರಿ, ಯಾವುದೂ ಇದರಿಂದ ಮುನಿಸಿಕೊಂಡಿರಲಿಲ್ಲ. ಪ್ರತಿ ಗಾಡಿಯ ನಂಬರು, ಓಡಿದ ಕಿಲೋಮೀಟರು, ಹಾಕಿದ ಎಣ್ಣೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಚಟವೂ ನನಗುಂಟು. ಅದೇ ಈಗ ನನ್ನ ಮೇಲೆ ಸಾಕ್ಷಿ ಹೇಳುತ್ತಿದೆ.

ಜಿಲಾನಸಾಬ ಹೊಸ ಪೆಟ್ರೋಲ್ ಕಾರು ತಂದ. ಮೊದಲೆಲ್ಲ ಎಂಜಿನ್ನಿನೊಳಗೆ ಕವಾಟಗಳನ್ನು ತಾಳ ತಪ್ಪದಂತೆ ಆಡಿಸಲು ಕಬ್ಬಿಣದ ಚೈನು ಇರುತ್ತಿತ್ತು, ಇಲ್ಲವೆಂದರೆ ಹೊರಗೆ ಒಣ ಜಾಗದಲ್ಲಿ ರಬ್ಬರ್ ಬೆಲ್ಟು. ಈಗ ಕೆಲವು ಕಾರುಗಳಲ್ಲಿ ಆ ರಬ್ಬರ್ ಬೆಲ್ಟನ್ನೇ ಎಣ್ಣೆಯಲ್ಲಿ ನೆನೆಹಾಕಿದ್ದಾರೆ. ಸದ್ದು ಕಡಿಮೆಯಂತೆ, ಮೈಲೇಜು ಹೆಚ್ಚಂತೆ. ಸಂತೋಷ. ಆದರೆ ಅದಕ್ಕೆ ಅದರದೇ ತೆಳು ಎಣ್ಣೆ ಬೇಕು. ಬೇರೆ ಎಣ್ಣೆ ಅಥವಾ ಡೀಸೆಲ್ ತಗುಲಿದರೆ ಬೆಲ್ಟು ಉಬ್ಬಿ, ಸೀಳಿ, ಉದುರುತ್ತದೆ. ಇಷ್ಟು ದೊಡ್ಡ ಮಾತನ್ನು ಕಂಪನಿಯವರು ಬರೆದದ್ದೆಲ್ಲಿ? ಕಾರಿನ ಜೊತೆ ಕೊಟ್ಟ ಪುಸ್ತಕದ ಇನ್ನೂರ ಹದಿನೆಂಟನೇ ಪುಟದಲ್ಲಿ, ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ. ಎಣ್ಣೆ ಸುರಿಯುವ ಮುಚ್ಚಳದ ಮೇಲೆ ಏನಿದೆ? ಒಂದು ಎಣ್ಣೆ ಡಬ್ಬಿಯ ಚಿತ್ರ. ಅದು ಎಣ್ಣೆಯ ಜಾಗ ಎಂಬುದು ನಮಗೂ ಗೊತ್ತಿತ್ತು ಸ್ವಾಮಿ.

ಆದರೂ ಜಿಲಾನಸಾಬ ಕೇಳಿದ್ದ. ಅದನ್ನು ತಾವು ಗಮನಿಸಬೇಕು. "ಸಾವ್ಕಾರ್ರ, ಪುಸ್ತಕದಾಗ ಬ್ಯಾರೆ ನಂಬರ್ ಕೊಟ್ಟಾರ. ತೆಳು ಎಣ್ಣಿನ ಹಾಕಬೇಕಂತ" ಎಂದು ಪುಸ್ತಕವನ್ನೇ ಹಿಡಿದು ತಂದಿದ್ದ. ನಾನು ಪುಟ ಕೂಡ ತಿರುಗಿಸಲಿಲ್ಲ. "ನೀರು ಬೇಕಂದ್ರ ಕಾಲುವಿಗೆ ಹೋಗು. ಎಣ್ಣಿ ಬೇಕಂದ್ರ ನನ್ನ ಹತ್ರ ಬಾ" ಎಂದೆ. ಅಂಗಡಿಯಲ್ಲಿ ಕೂತವರೆಲ್ಲ ನಕ್ಕರು. ಅವನೂ ನಕ್ಕು ಪುಸ್ತಕ ಮಡಚಿದ. ಮೂರು ಸಲ ಡೀಸೆಲಿನಿಂದ ತೊಳೆದು ದಪ್ಪ ಎಣ್ಣೆ ಹಾಕಿದ್ದೇನೆ. ಮೂರೂ ನನ್ನ ಕೈಬರಹದಲ್ಲಿವೆ.

ಹೋದ ತಿಂಗಳು ಅವನು ವಿರೂಪಾಪುರಗಡ್ಡೆಯಿಂದ ಹುಲಿಗವ್ವ ಎಂಬ ಹಿರಿಯ ಹೆಣ್ಣುಮಗಳನ್ನು ಕಣ್ಣಿನ ಆಸ್ಪತ್ರೆಗೆ ಕರೆತರುತ್ತಿದ್ದ. ದಾರಿಯಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿತು, ಮರುಗಳಿಗೆಯಲ್ಲೇ ಬ್ರೇಕಿನ ಪೆಡಲು ಕಲ್ಲಾಯಿತು. ಮುಂದೆ ಕೂಲಿ ಹೆಣ್ಣುಮಕ್ಕಳನ್ನು ಇಳಿಸುತ್ತ ಒಂದು ಟಂಟಂ ಆಟೋ ನಿಂತಿತ್ತು. ಹುಲಿಗವ್ವನನ್ನು ನಾನೇ ಹೋಗಿ ಕಂಡು ಕೇಳಿದೆ. "ಗಟ್ಟಿ ಹಿಡ್ಕೋ ಯವ್ವಾ ಅಂದ. ನನಗ ಅಂಜಿಕಿ ಆಗಬಾರದಂತ ಬಿಸ್ಮಿಲ್ಲಾನೂ ಸಣ್ಣಗ ಅಂದ" ಎಂದಳು. ಹ್ಯಾಂಡ್‌ಬ್ರೇಕ್ ಎಳೆದು, ಟಂಟಂ ತಪ್ಪಿಸಿ, ಡಾಂಬರಿನ ಅಂಚಿಗೆ ಒಣಗಲು ಹಾಕಿದ್ದ ಭತ್ತದ ರಾಶಿಗೆ ಕಾರು ಏರಿಸಿ ನಿಲ್ಲಿಸಿದ. ಒಬ್ಬರ ಮೈಮೇಲೂ ಗೀರಿಲ್ಲ. ಮನುಷ್ಯರನ್ನು ಬಿಟ್ಟು ಭತ್ತವನ್ನು ಆರಿಸಿಕೊಂಡದ್ದು ತಮ್ಮ ಕಾನೂನಿನಲ್ಲಿ ಅಜಾಗರೂಕತೆಯೇ?

ಕೊಪ್ಪಳದ ಮೆಕ್ಯಾನಿಕ್ ಶಫೀಸಾಬ ಎಂಜಿನ್ ಬಿಚ್ಚಿದ. ಎಣ್ಣೆ ಹೀರುವ ಜಾಲರಿಯನ್ನು ಸ್ಟೀಲ್ ತಟ್ಟೆಯ ಮೇಲೆ ತಟ್ಟಿದ. ಕರಿ ಎಳ್ಳಿನಂತೆ ರಬ್ಬರ್ ಚೂರು ಉದುರಿತು. ಜಾಲರಿ ಕಟ್ಟಿಕೊಂಡು ಎಣ್ಣೆ ಮೇಲೇರಿಲ್ಲ. ಬ್ರೇಕಿಗೆ ಬಲ ಕೊಡುವ ಪಂಪೂ ಅದೇ ಎಣ್ಣೆಯನ್ನು ನಂಬಿತ್ತು. ಶಫೀಸಾಬ ನನ್ನ ಕಡೆ ನೋಡಲಿಲ್ಲ, ತಟ್ಟೆಯನ್ನು ನನ್ನ ಕಡೆ ಸರಿಸಿದ. ಕಂಪನಿಯವರು ಹೊರಗಿನ ಎಣ್ಣೆ, ನಮಗೆ ಸಂಬಂಧವಿಲ್ಲ ಎಂದು ಕೈತೊಳೆದುಕೊಂಡರು.

ಇನ್ನು ತಮ್ಮ ಪಾಲು. ಘಟನೆಗೆ ಎರಡೇ ತಿಂಗಳ ಮೊದಲು ಅದೇ ಕಾರಿಗೆ ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ಪತ್ರ, ಕೊಟ್ಟವರು ತಾವು. ಹಾರ್ನ್ ಬಾರಿಸಿದಿರಿ, ವೈಪರ್ ಆಡಿಸಿದಿರಿ, ರೇಡಿಯಂ ಸ್ಟಿಕ್ಕರ್ ಒಂದು ಬೆರಳು ಓರೆಯಾಗಿದೆಯೆಂದು ತಿರುಗಿ ಕಳಿಸಿದಿರಿ. ಎಣ್ಣೆಯ ಮುಚ್ಚಳ ತೆಗೆದು ಒಂದು ಟಾರ್ಚು ಬಿಟ್ಟಿದ್ದರೆ ಆ ಕಾರಿನಲ್ಲಿ ಸೀಳಿದ ಬೆಲ್ಟು ಕಣ್ಣಿಗೇ ಕಾಣುತ್ತಿತ್ತು. ಸ್ಟಿಕ್ಕರ್ ಮಾತ್ರ ಇಂದಿಗೂ ನೆಟ್ಟಗಿದೆ.

ಸೋಮವಾರ ಏನು ಹೇಳುತ್ತೀ ಎಂದು ಜಿಲಾನಸಾಬನನ್ನು ಕೇಳಿದೆ. ನಿದ್ದೆ ಹತ್ತಿತ್ತು ಎನ್ನುತ್ತಾನಂತೆ. ಎಣ್ಣೆಯ ಮಾತು ತೆಗೆದರೆ ನನ್ನ ಹೆಸರು ಬರುತ್ತದೆ, ಅಂಗಡಿ ಮುಚ್ಚುತ್ತದೆ ಎಂಬ ಚಿಂತೆ ಅವನಿಗೆ. ನನಗೆ ಸಿಟ್ಟು ಬಂತು. "ಲೈಸೆನ್ಸ್ ಹೋಗ್ತೈತಲೋ. ಸ್ಟೇರಿಂಗ್ ಬಿಟ್ಟು ಬ್ಯಾರೆ ಏನ್ ಬರ್ತೈತಿ ನಿನಗ?" ಎಂದೆ.

"ನಿಮಗ ಎಣ್ಣಿ ಬಿಟ್ಟು ಏನ್ ಬರ್ತೈತ್ರಿ?" ಎಂದ.

ಅಂದೇ ರಾತ್ರಿ ನೋಟ್‌ಬುಕ್ಕು ಮುಂದಿಟ್ಟುಕೊಂಡು ಬರೆಯಲು ಕೂತೆ. ಈ ಪತ್ರವೇ ನನ್ನ ಉತ್ತರ.

ನೋಟೀಸು ವಾಪಸ್ ಪಡೆಯಿರಿ. ಇಂಥ ಕಾರು ಎಫ್‌ಸಿಗೆ ಬಂದಾಗ ಮುಚ್ಚಳ ತೆಗೆದು ನೋಡಿ. ಒಳಗೆ ಬೆಲ್ಟು ಇದೆ, ಇಂಥದೇ ಎಣ್ಣೆ ಹಾಕಿ, ಡೀಸೆಲಿನಿಂದ ತೊಳೆಯಬೇಡಿ ಎಂದು ಆ ಮುಚ್ಚಳದ ಮೇಲೆಯೇ ಕನ್ನಡದಲ್ಲಿ ಕೊರೆಯುವಂತೆ ಕಂಪನಿಗಳಿಗೆ ತಾಕೀತು ಮಾಡಲು ಮೇಲಿನವರಿಗೆ ಬರೆಯಿರಿ. ನನ್ನ ಅಂಗಡಿಯಲ್ಲಿ ಈಗ ಪುಸ್ತಕ ತೋರಿಸದೆ ಎಣ್ಣೆ ಇಲ್ಲ. ಗಿರಾಕಿಗಳು ನಗುತ್ತಾರೆ, ನಗಲಿ.

ಸೋಮವಾರ ಜಿಲಾನಸಾಬ ನಿದ್ದೆಯ ಕಥೆ ಹೇಳಿದರೆ ನಂಬಬೇಡಿ. ತಮ್ಮ ಬಾಗಿಲಲ್ಲಿ ನೋಟ್‌ಬುಕ್ಕು, ರಬ್ಬರ್ ಚೂರಿನ ಆ ತಟ್ಟೆ ಹಿಡಿದು ನಿಂತಿರುತ್ತೇನೆ. ಅವನಿಗಿಂತ ಮೊದಲು ನನ್ನನ್ನು ಒಳಗೆ ಕರೆಯಿರಿ.

ಇಂತಿ,
ಪುಟ ತಿರುಗಿಸದೆ ಬೆರಳನ್ನು ನಂಬಿದ
ವಿರೂಪಾಕ್ಷಪ್ಪ
ಆಯಿಲ್ ಅಂಗಡಿ, ಗಂಗಾವತಿ