ಶಿಲ್ಪಳ ಜೊತೆ ರೂಮು

೧೪ ಜುಲೈ, ಸೋಮವಾರ

ಶಿಲ್ಪಳ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಯೂನಿವರ್ಸಿಟಿ ಹಾಸ್ಟೆಲಿನಲ್ಲಿ ವಾರ್ಡನ್ ಕೇಳಿದರು: “ಇಬ್ರೂ ತಿಪಟೂರು ಕಡೆಯವರು, ಒಂದೇ ರೂಮು ಕೊಡ್ಲಾ?” ಶಿಲ್ಪ ಆಗಲೇ ನನ್ನ ಹಾಸಿಗೆಯನ್ನೂ ಎತ್ತಿಕೊಂಡಿದ್ದಳು. ಪಿಯುಸಿ ಪೂರ್ತಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳಿಗೆ ಇಷ್ಟವಿದ್ದದ್ದು ಗಣಿತ. ನನ್ನ ಜೊತೆ ಇರಬಹುದೆಂದೇ ಸಸ್ಯಶಾಸ್ತ್ರ ತೆಗೆದುಕೊಂಡಳು.

ನನ್ನನ್ನು ಬಿಡಲು ಬಂದಿದ್ದ ಅಪ್ಪನ ಮುಖ ನೋಡಿದೆ. ಅರಳಗುಪ್ಪೆಯ ನಮ್ಮ ಮನೆಗೆ ಬಂದರೆ ಶಿಲ್ಪಳಿಗೆ ಈಗಲೂ ಕಾಫಿ ಜಗಲಿಯ ಮೇಲೇ, ಒಳಗೆ ಕರೆಯುವುದಿಲ್ಲ. ಆದರೆ ಇವತ್ತು ಅಪ್ಪ ಬಾಯಿ ಬಿಡಲಿಲ್ಲ. ಬಿಟ್ಟವಳು ನಾನು. “ಬೇಡ ಮೇಡಂ, ನಮ್ಮ ಜನದ ಹುಡುಗಿ ಯಾರಾದ್ರೂ ಇದ್ರೆ ಅವಳ ಜೊತೆ ಹಾಕಿ” ಅಂದೆ.

ಶಿಲ್ಪ ನನ್ನ ಹಾಸಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಎಸೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಅವಳೇ ಹುಡುಕಿಕೊಂಡು ಬಂದಳು. “ಕೋರ್ಸ್ ಬದಲಾಯ್ಸೋಕೆ ನಾಳೆವರ್ಗೂ ಟೈಮ್ ಐತಂತೆ ಕಣೇ. ನಾನು ಗಣಿತಕ್ಕೇ ಹೋಯ್ತೀನಿ.”

ಹೋಗಬೇಡ ಎನ್ನುವ ಮಾತು ಬಾಯಿಗೆ ಬಂದಿತ್ತು. ಹೇಳಲು ಮುಖವಿರಲಿಲ್ಲ. “ಒಳ್ಳೇದಾಯ್ತು ಬುಡು” ಅಂದೆ.

ಆಮೇಲೆ ಊರು ತಲುಪಿ ಅಪ್ಪ ಫೋನ್ ಮಾಡಿದರು. “ನಾನು ಹೇಳೋಕ್ಮುಂಚೆ ನೀನೇ ತಿಳ್ಕೊಂಡು ಮಾತಾಡ್ದೆ, ಜಾಣೆ ಕಣವ್ವ” ಅಂದರು.

ಹೂಂ ಅಂದೆ. ಅದಕ್ಕೂ ಹೂಂ ಅಂದುಬಿಟ್ಟೆನಲ್ಲ, ನಾನು ಎಂಥ ಗೆಳತಿ!