ನಿಪ್ಪಲ್ ಮೇಲಿರಬೇಕು ಎಂದು ಬರೆದವರಿಗೆ

ಫೆಬ್ರುವರಿ ೩೦, ೨೨೧೪
ಗಾಳಿಮನೆ, ಸಂಡೂರು ಗುಡ್ಡ

ಹರಿಹರದ ಫಿಲೋಮಿನಾ ಅವರಿಗೆ,

ನಿಮ್ಮ ಕಾಲದ ಕ್ಯಾಲೆಂಡರಿನಲ್ಲಿ ಈ ತಾರೀಖು ಇರಲಿಲ್ಲವೆಂದು ಓದಿದ್ದೇನೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಯಲ್ಲಿ ಹಾಗೆಯೇ ಬಿಟ್ಟಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಶಾಲೆ ಕಲಿತದ್ದು ಇಂಗ್ಲಿಷಿನಲ್ಲಿ. ಕನ್ನಡ ಬರೆಯಲು ಕಲಿತದ್ದು ತಡವಾಗಿ, ಚಿಕ್ಕಮ್ಮನಿಂದ. ನೀವು ತೀರಿಹೋಗಿ ನೂರೈವತ್ತು ವರ್ಷವಾದರೂ ಆಗಿರಬೇಕು. ನಿಮಗೆ ಪತ್ರ ಬರೆಯುವ ಹಕ್ಕು ನನಗಿದೆಯೇ ಎಂದು ಕೇಳಿಕೊಂಡೆ. ಬೇರೆ ಯಾರಿಗೆ ಬರೆಯಬಹುದು ಎಂದೂ ಕೇಳಿಕೊಂಡೆ. ಎರಡನೆಯದಕ್ಕೆ ಯಾವ ಹೆಸರೂ ಹೊಳೆಯಲಿಲ್ಲ.

ನನ್ನ ಹೆಸರು ಹಂಸವೇಣಿ, ವಯಸ್ಸು ನಲವತ್ತಾರು. ಈ ಗುಡ್ಡದ ನೆತ್ತಿಯ ಮೇಲೆ ಒಂಬತ್ತು ಗಾಳಿಯಂತ್ರಗಳಿವೆ, ಅವುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಇಲ್ಲಿ ಒಬ್ಬಳೇ ಇದ್ದೇನೆ. ಬೆಳಿಗ್ಗೆ ಯಂತ್ರಗಳ ಸದ್ದು ಕೇಳಿ, ಯಾವುದು ಸರಿಯಿಲ್ಲವೆಂದು ಗುರುತು ಹಾಕಿಕೊಳ್ಳುತ್ತೇನೆ. ಏಳು ಗಂಟೆಗೆ ಮಾತುತಂತಿ ಎತ್ತುತ್ತೇನೆ. ಅದು ಗುಡ್ಡದ ಬುಡದ ಊರಿಗೆ ಎಳೆದ ಒಂದೇ ಒಂದು ತಂತಿ, ಅದರ ಇನ್ನೊಂದು ತುದಿ ಇರುವುದು ಹುಲಿಗೆಮ್ಮನ ಪಡಸಾಲೆಯಲ್ಲಿ. ಹುಲಿಗೆಮ್ಮನಿಗೆ ಎಪ್ಪತ್ತೆರಡು. ನನಗೆ ಸಂಬಂಧಿಯಲ್ಲ. ಆದರೆ ಹನ್ನೊಂದು ವರ್ಷದಲ್ಲಿ ನಾನು ಕೇಳಿದ ಮನುಷ್ಯರ ದನಿಯೆಂದರೆ ಹೆಚ್ಚುಕಡಿಮೆ ಅವಳದೊಂದೇ. ಇದಲ್ಲದೆ ಮನೆಯ ಗೋಡೆಯಲ್ಲಿ ಉತ್ತರಿಗವಿದೆ. ನೀವು ಏನು ಕೇಳಿದರೂ ಉತ್ತರ ಹೇಳುವ ಯಂತ್ರವದು. ಗೊತ್ತಿಲ್ಲ ಎಂದು ಅದು ಹೇಳಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ನನ್ನ ಕಾರು ನಿಮ್ಮ ಕಾಲದ್ದೇ. ಎಂಜಿನ್ ತೆಗೆದು ಬ್ಯಾಟರಿ ಕೂರಿಸಿದ್ದಾರೆ, ಬಾಗಿಲುಗಳು ಮೂರು ಬಣ್ಣದವು, ಆದರೆ ಬ್ರೇಕು ನಿಮಗೆ ಗೊತ್ತಿರುವ ಅದೇ ಬ್ರೇಕು: ಪೆಡಲ್ ಒತ್ತಿದರೆ ಪೈಪಿನಲ್ಲಿರುವ ಆಯಿಲ್ ಮುಂದಕ್ಕೆ ನುಗ್ಗಿ, ಕ್ಯಾಲಿಪರ್ ಎಂಬ ಇಕ್ಕಳ ಚಕ್ರದ ತಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಹೊಸ ಕಾರುಗಳನ್ನು ಯಾರೂ ಮಾಡುವುದಿಲ್ಲವಾದ್ದರಿಂದ ನಮ್ಮಲ್ಲಿ ಪ್ರತಿಯೊಂದು ಹಳೆಯ ಕಾರಿನ ಸೀಟಿನ ಕೆಳಗೂ ಒಂದು ತಗಡಿನ ಡಬ್ಬಿ ಇರುತ್ತದೆ. ಅದರಲ್ಲಿರುವ ಕಾಗದಗಳಿಗೆ ಕೈಸಾಕ್ಷಿ ಎನ್ನುತ್ತೇವೆ. ಆ ಕಾರನ್ನು ತಮ್ಮ ಕೈಯಿಂದ ಬಿಚ್ಚಿ ಜೋಡಿಸಿದವರು ಹೇಗೆ ಮಾಡಿದೆವೆಂದು ಬರೆದು, ಹೆಸರು ಊರು ಹಾಕಿ, ಕೊನೆಯಲ್ಲಿ 'ಎಡವಿದ್ದು' ಎಂದು ಒಂದು ಸಾಲು ಸೇರಿಸಬೇಕು. ಕೆಲಸ ಎಲ್ಲಿ ಕೆಟ್ಟಿತು, ಏನು ಮುರಿಯಿತು ಎಂಬ ಸಾಲು ಅದು. ಆ ಸಾಲಿಲ್ಲದ ಕಾಗದವನ್ನು ಯಾರೂ ನಂಬುವುದಿಲ್ಲ. ನನ್ನ ಡಬ್ಬಿಯಲ್ಲಿ ಬ್ರೇಕಿನ ಹಾಳೆಯನ್ನು ಗೆದ್ದಲು ತಿಂದಿತ್ತು.

ಕಳೆದ ವರ್ಷದ ಕೊನೆಗೆ ಹುಲಿಗೆಮ್ಮನ ಕಣ್ಣು ಪೂರ್ತಿ ಮಂಜಾಯಿತು. ಕಣ್ಣಿನ ವೈದ್ಯರು ಹೊಸಪೇಟೆಗೆ ಬರುವುದು ವರ್ಷಕ್ಕೊಮ್ಮೆ, ಮೂರೇ ದಿನ. ಬಸ್ಸು ಹದಿನೈದು ದಿನಕ್ಕೊಂದು, ಅದೂ ಆ ವಾರದಲ್ಲಿರಲಿಲ್ಲ. ಅವಳ ಊರಿನಲ್ಲಿ ಓಡುವ ಗಾಡಿಯಿಲ್ಲ. ನಾನು ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಕಾರು ಹೊರಗೆ ತೆಗೆದರೆ ಬ್ರೇಕ್ ಹಿಡಿಯಲಿಲ್ಲ. ಇಲ್ಲಿಂದ ಇಳಿಯುವ ದಾರಿಯಲ್ಲಿ ಹದಿನೇಳು ತಿರುವುಗಳಿವೆ.

ನಾನು ಅಚ್ಚುಕಟ್ಟಿನವಳು, ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಮುಂದಿನ ಎರಡೂ ಕ್ಯಾಲಿಪರ್ ಒಟ್ಟಿಗೆ ಬಿಚ್ಚಿ, ತೊಳೆದು, ಗೋಣಿಚೀಲದ ಮೇಲೆ ಪಕ್ಕಪಕ್ಕ ಒಣಗಲು ಇಟ್ಟು, ರಬ್ಬರ್ ಬದಲಿಸಿ ಮತ್ತೆ ಕೂರಿಸಿದೆ. ಆಯಿಲ್ ಹೊಯ್ದ ಮೇಲೆ ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡಬೇಕಲ್ಲ, ಅದಕ್ಕೆ ಉತ್ತರಿಗವನ್ನು ಕೇಳಿದೆ. ಕ್ರಮವಾಗಿ ಹೇಳಿತು. ನಾಲ್ಕನೆಯ ಹೆಜ್ಜೆ: ನಿಮ್ಮ ಸಹಾಯಕರಿಗೆ ಪೆಡಲ್ ಒತ್ತಿ ಹಿಡಿಯಲು ಹೇಳಿ. ನಾನೊಬ್ಬಳೇ ಇದ್ದೇನೆ ಎಂದೆ. ವಿಷಾದ ವ್ಯಕ್ತಪಡಿಸಿ, ಮೊದಲಿನಿಂದ ಹೇಳಿ, ನಾಲ್ಕನೆಯ ಹೆಜ್ಜೆಯಲ್ಲಿ ಮತ್ತೆ ಸಹಾಯಕರಿಗೆ ಹೇಳಿ ಎಂದಿತು. ಕೊನೆಗೆ ಕ್ಯಾಲಿಪರಿನಿಂದ ಗಾಳಿ ಹೊರಬಿಡುವ ಸಣ್ಣ ಮೂತಿಗೆ, ಅಂದರೆ ನಿಪ್ಪಲಿಗೆ, ರಬ್ಬರ್ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿ, ನಾನೇ ಪೆಡಲ್ ತುಳಿದು, ನಾನೇ ಇಳಿದು ನೋಡಿ, ಮತ್ತೆ ಹತ್ತಿ ತುಳಿದೆ. ಪೆಡಲ್ ಹಸಿ ಹಿಟ್ಟಿನಂತೆ ಒಳಗೆ ಹೋಗುತ್ತಿತ್ತು. ಮತ್ತೆ ಗಾಳಿ ತೆಗೆಯಿರಿ ಎಂದಿತು ಉತ್ತರಿಗ. ಆರು ಸಲ ತೆಗೆದೆ. ಏಳನೆಯ ಸಲ, ಎಲ್ಲ ಹೆಜ್ಜೆಗಳೂ ಮುಗಿದಿವೆ, ವಾಹನ ಚಾಲನೆಗೆ ಸಿದ್ಧ ಎಂದು ಘೋಷಿಸಿತು. ಅಂಗಳದಲ್ಲೇ ಎರಡು ಮಾರು ಉರುಳಿಸಿ ನೋಡಿದೆ. ಕಾರು ನಿಂತದ್ದು ಬ್ರೇಕಿನಿಂದಲ್ಲ, ಕಲ್ಲುಗುಂಡಿಗೆ ತಾಗಿ.

ಮರುದಿನ ವೈದ್ಯರು ಬಂದು ಎರಡನೆಯ ದಿನವಾಗಿತ್ತು. ಏಳಕ್ಕೆ ತಂತಿ ಎತ್ತಿದಾಗ ಹುಲಿಗೆಮ್ಮನೇ ಮೊದಲು ಮಾತಾಡಿದಳು. "ಏನವ್ವಾ ಮೇಲಿನಾಕಿ, ಗಾಡಿ ಎದ್ದೈತೋ ಇನ್ನಾ ಮಲಗೇ ಐತೋ?" ಉತ್ತರಿಗ ಹೇಳಿದಂತೆಯೇ ಎಲ್ಲ ಮಾಡಿದ್ದೇನೆ ಎಂದೆ. "ಅದು ಎಂದಾರ ಬೋಲ್ಟು ಬಿಚ್ಚೋ ಪಾನಾ ಹಿಡಿದೈತೇನು? ಅದರ ಉಗುರಾಗ ಮಡ್ಡಿ ಐತೇನು? ಕೈ ಇಲ್ಲದ್ದನ್ನ ಕೈಕೆಲಸ ಕೇಳ್ತೀಯಲ್ಲೇ!" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಆಗಲಿಲ್ಲಂದ್ರ ಬಿಡು. ಇನ್ನೊಂದು ವರ್ಷ ತಡವಿಕ್ಯಂತ ಅಡ್ಡಾಡ್ತೀನಿ. ನೀನು ಗುಡ್ಡದಿಂದ ಬಿದ್ದು ಸಾಯಬ್ಯಾಡ" ಎಂದಳು.

ಅವತ್ತು ಮಧ್ಯಾಹ್ನ ಜಾಲಗೋರಿಗೆ ಇಳಿದೆ. ನಿಮ್ಮ ಕಾಲದ ಅಂತರ್ಜಾಲದ ಒಂದು ಪ್ರತಿಯನ್ನು ಈ ಮನೆಯ ನೆಲಮಾಳಿಗೆಯಲ್ಲಿ ಇಟ್ಟಿದ್ದಾರೆ. ಉತ್ತರಿಗ ಕಲಿತದ್ದೂ ಅದರಿಂದಲೇ. ಇಂಗ್ಲಿಷಿನಲ್ಲಿ ಹುಡುಕಿದೆ. ಮುನ್ನೂರು ಬರಹ ಸಿಕ್ಕವು, ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಇಷ್ಟು ಜನ ಒಪ್ಪಿದ ಮೇಲೆ ತಪ್ಪು ನನ್ನದೇ ಇರಬೇಕೆಂದುಕೊಂಡೆ. ಸಂಜೆಯ ಹೊತ್ತಿಗೆ ಗೊತ್ತಾಯಿತು: ಎಲ್ಲದರಲ್ಲೂ ಒಂದೇ ಜಾಗದಲ್ಲಿ ಒಂದೇ ಕಾಗುಣಿತದ ತಪ್ಪಿತ್ತು. ಮುನ್ನೂರು ಜನ ಹೇಳಿರಲಿಲ್ಲ. ಯಾರೋ ಒಬ್ಬರು ಹೇಳಿದ್ದನ್ನು ಮುನ್ನೂರು ಸಲ ನಕಲು ಮಾಡಿದ್ದರು. ಆ ಒಬ್ಬರಾದರೂ ಕೈಯಲ್ಲಿ ಮಾಡಿದ್ದರೋ ಇಲ್ಲವೋ.

ಆಮೇಲೆ ನಾನು ಟೈಪ್ ಮಾಡಿದ್ದು ಪ್ರಶ್ನೆಯಲ್ಲ. ಸೋತು, ಯಾರಿಗೋ ಹೇಳಿಕೊಳ್ಳುವಂತೆ, ಕನ್ನಡದಲ್ಲಿ, 'ಏರ್ ತೆಗೆದಷ್ಟೂ ಪೆಡಲ್ ಮೆತ್ತಗೇ ಇದೆ, ಸಾಕಾಗಿಹೋಯಿತು' ಎಂದು ಹಾಕಿದೆ. ಒಂದೇ ಒಂದು ಸಿಕ್ಕಿತು. ಯಾವುದೋ ವಿಡಿಯೊ, ಅದು ಅಳಿದುಹೋಗಿದೆ. ಅದರ ಕೆಳಗೆ ೨೦೨೬ರಲ್ಲಿ ನೀವು ಬರೆದದ್ದು ಮಾತ್ರ ಉಳಿದಿತ್ತು. "ಅಣ್ಣಾ ನಂದೂ ಹಿಂಗೇ ಆಗಿತ್ತು. ಮೂರು ದಿನ ಒದ್ದಾಡಿದೆ. ಏರ್ ತೆಗೆದಷ್ಟೂ ಪೆಡಲ್ ಮೆತ್ತಗೆ. ಕೊನೆಗೆ ನೋಡಿದ್ರೆ ಎಡಗಡೆ ಕ್ಯಾಲಿಪರ್ ಬಲಗಡೆ ಹಾಕಿಬಿಟ್ಟಿದ್ದೆ. ನಿಪ್ಪಲ್ ಮೇಲಿರಬೇಕು, ನಂದು ಕೆಳಗಿತ್ತು. ಗಾಳಿ ಮೇಲಕ್ಕಲ್ವಾ ಹೋಗೋದು, ಕೆಳಗಿನ ತೂತಿಂದ ಹೆಂಗೆ ಬರುತ್ತೆ? ಯಾರೂ ನಗಬೇಡಿ. ಫಿಲೋಮಿನಾ, ಹರಿಹರ."

ಓಡಿಹೋಗಿ ಚಕ್ರದ ಹಿಂದೆ ಕೈ ಹಾಕಿದೆ. ನಿಪ್ಪಲ್ ಕೆಳಗಿತ್ತು. ಎರಡೂ ಕಡೆ. ಜೋಡಿಸುವಾಗ ಪೈಪು ಸ್ವಲ್ಪ ತಿರುಚಿಕೊಂಡಿದ್ದನ್ನು ನಾನು ನೋಡಿದ್ದೆ. ಹಳೆಯ ರಬ್ಬರ್, ಹಾಗೇ ಇರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಾನು ನಗಲಿಲ್ಲ, ಫಿಲೋಮಿನಾ ಅವರೇ. ನೆಲದ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಯಾರೋ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಚಕ್ರ ನೋಡಿದಂತಾಗಿತ್ತು.

ಮೂರನೆಯ ದಿನ, ಅಂದರೆ ವೈದ್ಯರ ಕೊನೆಯ ದಿನ, ಬೆಳಿಗ್ಗೆ ಕ್ಯಾಲಿಪರ್ ಅದಲುಬದಲು ಮಾಡಿ ಗಾಳಿ ತೆಗೆದೆ. ಬಾಟಲಿಯಲ್ಲಿ ಗುಳ್ಳೆಗಳು ಬಂದವು, ಬಂದು ನಿಂತವು, ಪೆಡಲ್ ಕಾಲಿಗೆ ಗಟ್ಟಿಯಾಗಿ ಎದುರು ನಿಂತಿತು. ಅಂಗಳದಲ್ಲಿ ಹತ್ತು ಸಲ ನಿಲ್ಲಿಸಿ ನೋಡಿದ ಮೇಲೆಯೇ ಇಳಿದೆ. ಹುಲಿಗೆಮ್ಮ ರಸ್ತೆಯ ಅಂಚಿನಲ್ಲಿ ರೊಟ್ಟಿ ಗಂಟು ಹಿಡಿದು ಕಾಯುತ್ತಿದ್ದಳು. ಹೊಸಪೇಟೆಯವರೆಗೂ ಅವಳ ಒಂದು ಕೈ ಡ್ಯಾಶ್‌ಬೋರ್ಡಿನ ಮೇಲಿತ್ತು. "ನಿಧಾನಕ್ಕ ಹೋಗವ್ವಾ, ಕಣ್ಣು ಬರೋಕಿಂತ ಮುಂಚೆ ಜೀವ ಹೋದೀತು" ಎನ್ನುತ್ತಲೇ ಇದ್ದಳು. ವೈದ್ಯರು ಪೆಟ್ಟಿಗೆ ಕಟ್ಟುವ ಮೊದಲು ತಲುಪಿದೆವು. ಅವತ್ತೇ ಕಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದರು. ಮರುದಿನ ಪಟ್ಟಿ ಬಿಚ್ಚಿದಾಗ ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. "ದನಿ ಕೇಳಿ ಸಣ್ಣಾಕಿ ಅಂದ್ಕಂಡಿದ್ನಿ. ತಲಿ ಎಲ್ಲಾ ಬೆಳ್ಳಗಾಗೈತಲ್ಲೇ! ಮ್ಯಾಲೆ ಕುಂತು ಏನು ಮಾಡ್ತೀ ಒಬ್ಬಾಕೀನೇ?"

ದಿನಕ್ಕೆ ಮೂರು ಸಲ ಕಣ್ಣಿಗೆ ಔಷಧಿ ಬಿಡಬೇಕಿತ್ತು. ಹುಲಿಗೆಮ್ಮನ ಮೊಮ್ಮಗಳು ಹೊಸಪೇಟೆಯಲ್ಲೇ ಇದ್ದಾಳೆ, ಹುಲಿಗೆಮ್ಮ ಅವಳ ಮನೆಯಲ್ಲಿ ಉಳಿದಳು. ಆಮೇಲೆ ಅಲ್ಲೇ ಇರುವುದೆಂದು ತೀರ್ಮಾನವಾಯಿತು. ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಿದಳು. ಸರಿಯಾದದ್ದೇ. ಈಗ ಏಳು ಗಂಟೆಗೆ ತಂತಿ ಎತ್ತಿದರೆ ಬೀಗ ಹಾಕಿದ ಪಡಸಾಲೆಯ ಸದ್ದು ಕೇಳುತ್ತದೆ, ಅಂದರೆ ಏನೂ ಕೇಳುವುದಿಲ್ಲ. ಬ್ರೇಕ್ ಸರಿಯಾಗದೇ ಇದ್ದಿದ್ದರೆ ಅವಳು ಇವತ್ತೂ ಆ ತುದಿಯಲ್ಲಿ ಇರುತ್ತಿದ್ದಳು ಎಂಬ ಯೋಚನೆ ಒಂದು ಸಲ ಬಂದಿತ್ತು. ಒಂದೇ ಸಲ ಎಂದು ಬರೆದರೆ ಸುಳ್ಳಾಗುತ್ತದೆ.

ಕಳೆದ ವಾರ ಡಬ್ಬಿಗೆಂದು ನನ್ನ ಕೈಸಾಕ್ಷಿ ಬರೆಯಲು ಕೂತೆ. ಮೊದಲ ಪ್ರತಿ ಚೆನ್ನಾಗಿಯೇ ಬಂತು: 'ಗಾಳಿ ತೆಗೆಯುವ ಮೊದಲು ನಿಪ್ಪಲ್ ಮೇಲ್ಭಾಗದಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ.' ಕೊನೆಯ ಸಾಲಿನಲ್ಲಿ, ಎಡವಿದ್ದು ಎಂಬಲ್ಲಿ, ಬೋಲ್ಟು ತುಕ್ಕು ಹಿಡಿದಿತ್ತು ಎಂದು ಬರೆದಿದ್ದೆ. ಓದಿ ನೋಡಿದೆ. ಒಂದೂ ಸುಳ್ಳಿರಲಿಲ್ಲ. ಆದರೆ ಮೊದಲಿನಿಂದಲೂ ಎಲ್ಲ ಗೊತ್ತಿದ್ದವಳ ಹಾಗೆ ಬರೆದಿದ್ದೆ. ಮೆತ್ತಗಿನ ಪೆಡಲಿನ ಮುಂದೆ ಕೂತ ಯಾರಿಗೂ ಇದು ತಮ್ಮ ಕಥೆ ಎಂದು ತಿಳಿಯುತ್ತಿರಲಿಲ್ಲ. ಉತ್ತರಿಗವನ್ನು ಬಯ್ಯುವ ನಾನು ಒಂದು ಹಾಳೆ ಬರೆಯುವಷ್ಟರಲ್ಲಿ ಉತ್ತರಿಗವಾಗಿದ್ದೆ. ಯಾರ ಮುಂದೆ ನಾಚಿಕೆ? ಇಲ್ಲಿ ಓದುವವರೇ ಇಲ್ಲ. ಹಾಳೆ ಹರಿದು ಮತ್ತೆ ಬರೆದೆ: ನಾನು ಎಡದ್ದನ್ನು ಬಲಕ್ಕೆ ಹಾಕಿದೆ, ಏಳು ಸಲ ಗಾಳಿ ತೆಗೆದೆ, ಹರಿಹರದ ಒಬ್ಬರು ತಿಳಿಸಿಕೊಟ್ಟರು.

ಹಾಗೆ ನಿಮ್ಮ ಹೆಸರನ್ನು ಸರಿಯಾಗಿ ಬರೆದುಕೊಳ್ಳಲು ಮತ್ತೆ ಜಾಲಗೋರಿ ತೆರೆದಾಗ, ಆವತ್ತು ಅವಸರದಲ್ಲಿ ನೋಡದೇ ಬಿಟ್ಟಿದ್ದ ಇನ್ನೊಂದು ಸಾಲು ಕಂಡಿತು. ಎರಡು ದಿನದ ನಂತರ ನೀವೇ ಬರೆದದ್ದು. "ನನ್ನ ಮೇಲಿನ ಕಾಮೆಂಟ್ ಡಿಲೀಟ್ ಮಾಡೋದು ಹೆಂಗೆ, ಯಾರಾದ್ರೂ ಹೇಳ್ತೀರಾ? ಮನೇಲಿ ಎಲ್ರೂ ಓದಿ ನಗ್ತಿದಾರೆ."

ಅದರ ಕೆಳಗೆ ಯಾರೂ ಉತ್ತರ ಕೊಟ್ಟಿಲ್ಲ. ಉತ್ತರ ಬರೆಯುವ ಜಾಗ ಇನ್ನೂ ತೆರೆದುಕೊಳ್ಳುತ್ತದೆ. ಈ ಪತ್ರವನ್ನು ಅಲ್ಲಿಯೇ ಬರೆಯುತ್ತಿದ್ದೇನೆ. ಇದು ಕಾಲದಲ್ಲಿ ಹಿಂದಕ್ಕೆ ಬಂದು ನಿಮ್ಮನ್ನು ಮುಟ್ಟುವುದಿಲ್ಲ ಎಂದು ನನಗೆ ಗೊತ್ತು. ನೀವು ಅಳಿಸಲಿಲ್ಲ ಎಂಬುದೂ ಗೊತ್ತು, ನಾನು ಓದಿದೆನಲ್ಲ. ಆದರೂ ನಿಮ್ಮ ಬೆರಳು ಆ ಗುಂಡಿಯನ್ನು ಹುಡುಕುತ್ತಿರುವುದು ನನಗೆ ಕಾಣುತ್ತಲೇ ಇದೆ. ನೂರೆಂಬತ್ತೆಂಟು ವರ್ಷ ತಡವಾಗಿ ಹೇಳುತ್ತಿದ್ದೇನೆ, ನಗುವವರು ನಗಲಿ ಫಿಲೋಮಿನಾ ಅವರೇ. ದಯವಿಟ್ಟು ಅಳಿಸಬೇಡಿ.

ನಿಮ್ಮ,
ಹಂಸವೇಣಿ